ಕರ್ನಲ್‌ನ ಕಾವಲು ತೆಗೆದವನು ನಾನು

ಹರಾಜಿನ ದರಗಳನ್ನು ಸುನಂದಾ ಹೊರಗೆ ಹೇಳಲಿಲ್ಲ. ಅವು ಸೋರಿಹೋಗಲು ದಾರಿ ಬಿಟ್ಟವನು ನಾನು. ಅದು ನನಗೆ ಅಂದೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಐನಾಪುರದ ಹತ್ತಿರ ಒಣದ್ರಾಕ್ಷಿ ಬೆಳೆಗಾರರ ಒಂದು ಸಂಘವಿದೆ. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ವ್ಯಾಪಾರಿಗಳು ತಮ್ಮ ದರವನ್ನು ಒಬ್ಬರಿಗೊಬ್ಬರು ತಿಳಿಯದಂತೆ ಸರ್ವರಿಗೆ ಕಳಿಸುತ್ತಿದ್ದರು. ಹರಾಜಿಗೆ ಮುಂಚೆ ಅವನ್ನು ತೆರೆದು ಪರೀಕ್ಷಿಸುವ ಪಾಸ್‌ವರ್ಡ್ ಇದ್ದದ್ದು ಸಂಘದ ಕಚೇರಿಯಲ್ಲಿ ಕೆಲಸಕ್ಕಿದ್ದ ಸುನಂದಾಳ ಹತ್ತಿರ ಮಾತ್ರ. ಅವಳ ಅಪ್ಪನೂ ಸಂಘದ ಸದಸ್ಯ, ತನ್ನ ತೋಟದ ದ್ರಾಕ್ಷಿಯನ್ನು ಅಲ್ಲಿಗೇ ತರುತ್ತಿದ್ದ. ಅದೇ ಸರ್ವರಿನಲ್ಲಿ ಕೆಲವು ವ್ಯಾಪಾರಿಗಳ ಲೆಕ್ಕದ ಪ್ರೋಗ್ರಾಂಗಳೂ ಓಡುತ್ತಿದ್ದವು — ಒಂದೇ ಯಂತ್ರ ಸಾಕು ಎಂದು ಹೇಳಿದವನೂ ನಾನೇ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೊಸೆಸರ್ ಕಾಯುತ್ತ ಕೂರುವುದಿಲ್ಲ. ಮುಂದೆ ಏನು ಬೇಕಾದೀತು ಎಂದು ಊಹಿಸಿ ಕೆಲಸವನ್ನು ಮೊದಲೇ ಮಾಡಿಬಿಡುತ್ತದೆ. ಊಹೆ ತಪ್ಪಿದರೆ ಮಾಡಿದ್ದನ್ನು ಕೈಬಿಡುತ್ತದೆ. ಆದರೆ ಊಹಿಸಿ ತೆಗೆದದ್ದರ ಸುಳಿವು ಒಳಗೇ ಉಳಿದಿರುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಕಾಪಾಡುವ ಗುಟ್ಟನ್ನು, ಅದೇ ಯಂತ್ರದಲ್ಲಿ ಓಡುವ ಇನ್ನೊಂದು ಪ್ರೋಗ್ರಾಂ ಆ ಸುಳಿವು ಹಿಡಿದು ಓದಿಬಿಡಬಹುದು. ಅದನ್ನು ತಡೆಯಲೆಂದೇ ಕರ್ನಲ್‌ನಲ್ಲಿ ಕಾವಲಿನ ವ್ಯವಸ್ಥೆ ಇರುತ್ತದೆ. ಅದರಿಂದ ಯಂತ್ರ ನಿಧಾನವಾಗುತ್ತದೆ.

ನಮ್ಮದು ಹಳೆಯ ಯಂತ್ರ. ಸುಗ್ಗಿಯ ಹೊತ್ತಿಗೆ ಹರಾಜಿನ ಪರದೆ ಮತ್ತೆಮತ್ತೆ ನಿಂತುಹೋಗುತ್ತಿತ್ತು, ವ್ಯಾಪಾರಿಗಳು ನನ್ನ ಮೇಲೆ ಹರಿಹಾಯುತ್ತಿದ್ದರು. ಒಂದು ಮಧ್ಯಾಹ್ನ ಒಂದೇ ಸಾಲು ಬರೆದು ಆ ಕಾವಲನ್ನೆಲ್ಲ ತೆಗೆದುಹಾಕಿದೆ. ಯಂತ್ರ ಚುರುಕಾಯಿತು. ಎಲ್ಲರೂ ನನ್ನನ್ನು ಹೊಗಳಿದರು. ಸುಗ್ಗಿ ಮುಗಿದ ಮೇಲೆ ಮತ್ತೆ ಹಾಕಿದರಾಯಿತು ಅಂದುಕೊಂಡೆ —

ಆಮೇಲೆ ಒಬ್ಬನೇ ವ್ಯಾಪಾರಿ ಗೆಲ್ಲತೊಡಗಿದ. ಪ್ರತಿ ಸಲವೂ ಎರಡನೆಯವನಿಗಿಂತ ಕೂದಲೆಳೆಯಷ್ಟೇ ಹೆಚ್ಚಿನ ದರ. ಅವನ ಪ್ರೋಗ್ರಾಂ ನಮ್ಮ ಸರ್ವರಿನಲ್ಲೇ ಇತ್ತು. ನೋಡಿದ ಕೂಡಲೇ ನಾನು ತೆಗೆದ ಕಾವಲು ನೆನಪಾಯಿತು. ಇಂಥ ಕಳವು ಯಾವ ದಾಖಲೆಯಲ್ಲೂ ಮೂಡುವುದಿಲ್ಲ. ಪರೀಕ್ಷೆ ಮಾಡಿ ನೋಡಬಹುದಿತ್ತು. ಮಾಡಲಿಲ್ಲ — ಖಚಿತವಾಗಿಬಿಟ್ಟರೆ ಎಂಬ ಭಯ.

ಉಳಿದವರ ದರವನ್ನು ಯಾರೋ ಅವನಿಗೆ ಮೊದಲೇ ಹೇಳುತ್ತಿದ್ದಾರೆ ಎಂದು ಬೆಳೆಗಾರರು ಗದ್ದಲ ಎಬ್ಬಿಸಿದರು. ಅಧ್ಯಕ್ಷರು ಸಭೆ ಕರೆದು, ಪಾಸ್‌ವರ್ಡ್ ಯಾರ ಹತ್ತಿರ ಇತ್ತು ಎಂದು ಕೇಳಿದರು. ಎಲ್ಲರೂ ಸುನಂದಾಳತ್ತ ತಿರುಗಿದರು. ಅವಳ ಅಪ್ಪನೂ ಅಲ್ಲೇ ಕುಳಿತಿದ್ದ. ತಾನು ಯಾರಿಗೂ ಹೇಳಿಲ್ಲ ಎಂದು ಹೇಳಿ ಹೇಳಿ ಸೋತು, ಕೊನೆಗೆ ಅವಳು ನನ್ನ ಕಡೆ ನೋಡಿದಳು.

“ಸರ್, ನೀವಾರ ಹೇಳ್ರಿ. ಮಿಷನ್ ಒಳಗಿಂದನ ರೇಟ್ ಹೊರಗ ಹೋಗಾಕ ಬರತೈತೇನ್ರಿ?”

“ಇಲ್ಲ. ಹಂಗ ಹೋಗಾಕ ಬರಂಗಿಲ್ಲ” ಅಂದೆ.

ಅಷ್ಟೇ. ಅದಕ್ಕಿಂತ ಹೆಚ್ಚು ನಾನು ಏನೂ ಹೇಳಬೇಕಾಗಲಿಲ್ಲ. ಅವಳಪ್ಪ ಎದ್ದು ಹೊರಗೆ ಹೋದ.

ಮರುದಿನ ಅವಳು ಕೆಲಸ ಬಿಟ್ಟಳು. ಅದೇ ದಿನ ನಾನು ಕಾವಲನ್ನು ಮತ್ತೆ ಹಾಕಿದೆ. ಸೋರಿಕೆ ನಿಂತಿತು. ಅವಳು ಹೋದಳು, ಕಳವೂ ನಿಂತಿತು ಎಂದು ಊರೆಲ್ಲ ಆಡಿಕೊಂಡಿತು. ಇದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಿರಲಿಲ್ಲ — ಆ ಸಾಕ್ಷಿಯನ್ನು ಕೊಟ್ಟದ್ದು ನನ್ನ ಕೈ. ಬೇಕೆಂದು ಮಾಡಲಿಲ್ಲ ಎನ್ನಬಹುದು. ಆದರೆ ಆ ಮಾತು ಕಿವಿಗೆ ಬಿದ್ದಾಗ ನನಗೆ ನಿರಾಳವಾಯಿತು. ಅದನ್ನು ಹೇಗೆ ಮುಚ್ಚಿಡಲಿ?

ವರ್ಷಗಳು ಕಳೆದವು. ಹೊಸ ಯಂತ್ರ ಬಂತು, ನಾನೂ ದಣಿದೆ. ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಆದರೂ ಒಳಗೆ ಏನೋ ಸದಾ ಆಯಾಸ. ಹೋದ ವಾರ ಬೇಡಕಿಹಾಳಕ್ಕೆ ಹೋದೆ. ಸುನಂದಾ ಅಲ್ಲಿ ಅಕ್ಕನ ಮನೆಯಲ್ಲಿದ್ದಾಳೆ, ಎಮ್ಮೆ ಸಾಕಿಕೊಂಡಿದ್ದಾಳೆ. ಚಹಾ ಕೊಟ್ಟಳು. ನಾನು ಎಲ್ಲವನ್ನೂ ಹೇಳಿದೆ — ಆ ಒಂದು ಸಾಲು, ಆ ‘ಇಲ್ಲ’, ಆ ನಿರಾಳ. ಅವಳು ಖಾಲಿ ಲೋಟ ಎತ್ತಿಕೊಳ್ಳುತ್ತ ಹೇಳಿದಳು:

“ನಮ್ಮಪ್ಪ ಸಾಯೂತನಕ ನನ್ನ ಕೂಡ ನೆಟ್ಟಗ ಮಾತಾಡಲಿಲ್ರಿ. ಇದನ್ನ ಅವಂಗ ಹೇಳಬೇಕಿತ್ರಿ, ಸರ್.”

ಬೈಯಲಿಲ್ಲ. ಬೈದಿದ್ದರೆ — ಇಲ್ಲ, ಅದನ್ನು ಬಯಸುವ ಹಕ್ಕೂ ನನಗಿಲ್ಲ.

ಸೋಮವಾರ ಸಂಘದ ಸಭೆಯಿದೆ. ಮಾತಾಡಲು ಅವಕಾಶ ಕೊಡಿ ಎಂದು ಅಧ್ಯಕ್ಷರನ್ನು ಕೇಳಿದ್ದೇನೆ. ನೀವೂ ಬನ್ನಿ ಎಂದು ಸುನಂದಾಳನ್ನು ಕರೆದೆ. ಬರುವುದಿಲ್ಲ ಎಂದಳು, ಎಮ್ಮೆಗೆ ಮೇವು ತರಬೇಕಂತೆ. ಅವಳಿಲ್ಲದಿದ್ದರೂ, ಅವಳಪ್ಪ ಇಲ್ಲದಿದ್ದರೂ, ಅಂದು ‘ಇಲ್ಲ’ ಎಂದ ಜಾಗದಲ್ಲೇ ನಿಂತು ಹೇಳುತ್ತೇನೆ.