ಕಾವಲಿ ಎಳೆದುಕೊಂಡ ಅಯಸ್ಕಾಂತ

ಸ್ಟೀಲ್ ತಟ್ಟೆ ಕೊಂಡಾಗ ಅಯಸ್ಕಾಂತ ಹಿಡಿದು ನೋಡುವುದು ಡೊಂಬಿವ್ಲಿಯ ನಮ್ಮ ಹೋಟೆಲಿನ ಪದ್ಧತಿ. ಅಂಟಿದರೆ ಡುಪ್ಲಿಕೇಟ್, ಅಂಟದಿದ್ದರೆ ಅಸಲಿ. ಅಂದು ಭಿವಂಡಿಯಿಂದ ಹೊಸ ತಟ್ಟೆಗಳು ಬಂದಿದ್ದವು. ಹೋಟೆಲ್ ನಡೆಸುವ ಮಾವ ಎಂದಿನ ಸಣ್ಣ ಅಯಸ್ಕಾಂತ ಬಿಟ್ಟು ನೇರ ನನ್ನ ಕಾಲೇಜು ಚೀಲಕ್ಕೆ ಕೈ ಹಾಕಿ ಮರದ ಪೆಟ್ಟಿಗೆ ತೆರೆದರು. ಒಳಗಿದ್ದದ್ದು ಗುಜರಿ ಅಂಗಡಿಯಲ್ಲಿ ನಾನು ಹುಡುಕಿ ತಂದ ಅಂಗೈ ಅಗಲದ, ಭಾರಿ ಸೆಳೆತದ ನಿಯೋಡಿಮಿಯಮ್ ಅಯಸ್ಕಾಂತ.

"ಮಾವ, ಅದು ಬೇಡ! ಕಚ್ತದೆ!"

"ಕಚ್ಲಿಕ್ಕೆ ನಾಯಿಯಾ ಮಾರಾಯ್ತಿ?"

ತಟ್ಟೆಯ ಅಂಚು ಮೆಲ್ಲನೆ ಅಂಟಿತು. ಅಚ್ಚಿನಲ್ಲಿ ಒತ್ತಿ ಬಾಗಿಸಿದ ಕಡೆ ಒಳ್ಳೆಯ ಸ್ಟೀಲೂ ತುಸು ಅಂಟುತ್ತದೆ, ಅದೂ ಇಂಥ ರಾಕ್ಷಸನಿಗೆ. ವಿವರಿಸೋಣವೆಂದರೆ ಮಾವ ಕೇಳಬೇಕಲ್ಲ!

"ಆ ತಟ್ಟೆ ಮಾರಿದವ ಕಳ್ಳ! ಮೋಸ ಮಾಡಿದ ನಂಗೆ!" ಎಂದು ತಟ್ಟೆ ಕಿತ್ತೆಸೆದರು. ಸಿಟ್ಟಿನಲ್ಲಿ ಅಯಸ್ಕಾಂತ ಹಿಡಿದಿದ್ದ ಕೈಯನ್ನು ಆರಿದ ದೋಸೆ ಕಾವಲಿಯ ಮೇಲೆ ಬೀಸಿದರು.

ಅರ್ಧ ಬೀಸಿದ್ದು ಮಾವ, ಉಳಿದರ್ಧ ಎಳೆದುಕೊಂಡದ್ದು ಕಾವಲಿ. ಹತ್ತಿರವಾದಷ್ಟೂ ಆ ಸೆಳೆತ ಹುಚ್ಚುಹುಚ್ಚಾಗಿ ಏರುತ್ತದೆ. ಠಪ್! ಬಲಗೈಯ ತೋರುಬೆರಳು ನಡುವೆ ಸಿಕ್ಕಿ ಅಪ್ಪಚ್ಚಿಯಾಯಿತು. ಕಪ್ಪು ಕಬ್ಬಿಣದ ಮೇಲೆ ರಕ್ತ ಹರಿಯಿತು. ಮಾವನ ಅರಚಾಟ ಗಲ್ಲಿಯವರೆಗೂ ಕೇಳಿಸಿತು.

ದೋಸೆ ಹುಯ್ಯುವ ಭಟ್ರು ಮೀಟಿ ಎಬ್ಬಿಸಲು ಸಟ್ಟುಗ ಹಿಡಿದು ಓಡಿಬಂದರು. ಅದೂ ಕಬ್ಬಿಣದ್ದೇ. ಅವರ ಕೈ ಬಿಡಿಸಿಕೊಂಡು ಹಾರಿ ಅಯಸ್ಕಾಂತಕ್ಕೆ ಬಡಿಯಿತು. ಮಾವ ಇನ್ನೊಮ್ಮೆ ಅರಚಿದರು.

"ಗ್ಯಾಸ್ ಹಚ್ಲಾ? ಬಿಸಿಗೆ ಶಕ್ತಿ ಹೋಗ್ತದೆ ಅಂತ ನೀನೇ ಹೇಳಿದ್ದಲ್ಲ?"

"ಬೆರಳೂ ಬೇಯ್ತದೆ ಭಟ್ರೇ! ಮೇಲೆ ಎತ್ಬೇಡಿ, ಪಕ್ಕಕ್ಕೆ ತಳ್ಳಿ!"

ನೇರ ಕೀಳುವುದಕ್ಕಿಂತ ಜಾರಿಸಲು ಕಡಿಮೆ ಬಲ ಸಾಕು. ಚಪಾತಿ ಮಣೆಯನ್ನು ಅಯಸ್ಕಾಂತದ ಬದಿಗಿಟ್ಟು ಇಬ್ಬರೂ ಹೆಗಲು ಕೊಟ್ಟು ನೂಕಿದೆವು. ಬೆರಳೂ ಅದರಡಿ ಉಜ್ಜಿಕೊಂಡೇ ಬಂತು. ಉಗುರು ಕಿತ್ತುಬಂತು. ಮಾವ ನನ್ನ ಅಪ್ಪ, ಅಜ್ಜ, ಮೇಷ್ಟ್ರು ಎಲ್ಲರಿಗೂ ಬೈದರು. ಕಾವಲಿಯ ಅಂಚು ದಾಟಿದ್ದೇ ಬೆರಳು ಹೊರಬಂತು, ಅಯಸ್ಕಾಂತ ತಿರುಗಿ ಕಾವಲಿಯ ಬದಿಗೆ ಬಡಿದು ಒಡೆಯಿತು.

ಬೆರಳು ಬಣ್ಣಗೆಟ್ಟು ನೇತಾಡುತ್ತಿತ್ತು. ಕತ್ತರಿಸಬೇಕೇನೋ ಎಂದು ರಿಕ್ಷಾದಲ್ಲಿ ಮಾವ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ಬೆರಳ ತುದಿಗೆ ಸೂಜಿ ಚುಚ್ಚಿ ಮರಾಠಿಯಲ್ಲಿ ಕೇಳಿದರು. "ದುಖ್ತಯ್ ಕಾ?"

ನೋಯುತ್ತಾ ಎಂದು ಕೇಳಬೇಕೇ? ಮಾವ ಮಂಚದಿಂದ ಎಗರಿ, ಎಡಗೈಯಲ್ಲಿ ಡಾಕ್ಟರ ಕಾಲರು ಹಿಡಿದು, ಊರಿನ ಅಚ್ಚ ತುಳುವಿನಲ್ಲಿ ಬೈದರು.

ಡಾಕ್ಟರು ಕಾಲರು ಬಿಡಿಸಿಕೊಳ್ಳದೆ ನನ್ನತ್ತ ನೋಡಿ ನಕ್ಕರು. ನರ ಬದುಕಿತ್ತು.