ಮಗಳ ಹೊಟ್ಟೆ ಮುಟ್ಟಬೇಡ

ನನ್ನ ನಾದಿನಿ ಮಾಂಸದಂಗಡಿ ನಡೆಸುತ್ತಿದ್ದಳು. ಸುಲಿದ ಇಡೀ ಕುರಿಯನ್ನು ಒಬ್ಬಳೇ ಎತ್ತಿ ಕೊಕ್ಕೆಗೆ ಸಿಕ್ಕಿಸುವ ಹೆಂಗಸು. ಬಾಯಿ ಕತ್ತಿಗಿಂತ ಹರಿತ.

ಅವಳಿಗೆ ಒಬ್ಬಳೇ ಮಗಳು. ಆ ಹೆರಿಗೆಯಲ್ಲಿ ಸೂಲಗಿತ್ತಿ ಹೊಟ್ಟೆಯ ಮೇಲೆ ಮಂಡಿಯೂರಿ ಒತ್ತಿದಳು. ಬಟ್ಟೆ ಹರಿದಂಥ ಸದ್ದು ಪಕ್ಕದಲ್ಲಿದ್ದ ನನಗೇ ಕೇಳಿಸಿತು. ಮಗು ಬಂತು, ತಾಯಿಯ ಮೈ ಹಿಂದಿನ ದ್ವಾರದವರೆಗೆ ಸೀಳಿತು. ಹಸಿ ಬಾಣಂತನದಲ್ಲೇ ಕುರಿ ಎತ್ತಿದಳು, ಗರ್ಭಕೋಶ ಜಾರಿ ಕೆಳಗೆ ಬಂತು. ನಕ್ಕರೂ ಉಚ್ಚೆ ಸೋರುವುದು. ಗಂಡ "ನಿನ್ನ ನಾತಕ್ಕಿಂತ ಕುರಿದೊಡ್ಡಿ ವಾಸಿ" ಎಂದು ಒದ್ದ ದಿನ, ಕತ್ತಿಯ ಹಿಂಬದಿಯಿಂದ ಅವನ ಮಣಿಕಟ್ಟು ಮುರಿದಳು.

"ಇನ್ನೊಂದ್ಸಲ ಒದ್ದು ನೋಡು, ಕತ್ತಿ ತಿರುಗಿಸಿ ಹಿಡೀತೀನಿ."

ಅವನು ಮತ್ತೆ ಕಾಲೆತ್ತಲಿಲ್ಲ.

ಮಗಳು ಬಸುರಿಯಾದಾಗ ಅವಳಿಗಿದ್ದದ್ದು ಒಂದೇ ಭಯ. ತನಗಾದದ್ದು ಇವಳಿಗೆ ಆಗಬಾರದು.

ಹೆರಿಗೆ ಆಸ್ಪತ್ರೆಯಲ್ಲಿ ನಾವಿಬ್ಬರೂ ಒಳಗೇ ಇದ್ದೆವು. ಹುಡುಗಿ ಕಿರುಚುತ್ತಿದ್ದಳು. ಆಯಾ ಅವಳ ತೊಡೆಗೆ ಫಟಾರನೆ ಬಾರಿಸಿ, "ಆಗ ಸುಖ, ಈಗ ಗೋಳಾ? ತಿಣುಕು!" ಎಂದಳು. ಸ್ಟೂಲು ಹತ್ತಿ ಎರಡೂ ಅಂಗೈ ಹೊಟ್ಟೆಯ ಮೇಲೆ ಊರಿದಳು.

"ಇಳಿಯೇ ಕೆಳಗೆ," ಎಂದಳು ನಾದಿನಿ.

"ನೀನ್ಯಾವಳೇ ಹೇಳೋಕೆ?"

ನಾದಿನಿ ಅವಳ ತುರುಬು ಹಿಡಿದು ಎಳೆದಳು. ಸ್ಟೂಲು ಒಂದು ಕಡೆ, ಆಯಾ ಒಂದು ಕಡೆ; ಹಲ್ಲೊಂದು ಮಂಚದ ಕೆಳಗೆ ಉರುಳಿತು. ಕಾವಲಿನವನು ನುಗ್ಗಿ ಬಂದು ನಾದಿನಿಯ ಮುಖಕ್ಕೇ ಲಾಠಿ ಬೀಸಿದ. ತುಟಿ ಒಡೆದು ರಕ್ತ ಸುರಿಯಿತು. ಅವಳು ಮಗಳ ಮಂಚದ ಕಂಬಿ ಹಿಡಿದು ನಿಂತಳು, ಬಿಡಲಿಲ್ಲ.

ಗದ್ದಲ ಕೇಳಿ ಡಾಕ್ಟರಮ್ಮ ಓಡಿ ಬಂದರು. "ಹೊಟ್ಟೆ ಒತ್ತಬೇಡಿ ಅಂತ ಎಷ್ಟು ಸಲ ಬಡ್ಕೋಬೇಕು!" ಎಂದು ಆಯಾಳನ್ನೇ ಗದರಿದರು. ಪರೀಕ್ಷಿಸಿ, "ಮಗು ಚೆನ್ನಾಗಿದೆ. ಪಕ್ಕಕ್ಕೆ ತಿರುಗಿ ಮಲಗಮ್ಮ. ನೋವು ಬಂದಾಗ ಮಾತ್ರ ತಿಣುಕು," ಎಂದರು. ತಲೆ ಕಾಣಿಸಿದಾಗ ಕೆಳಗೆ ಬೆಚ್ಚನೆಯ ಬಟ್ಟೆ ಒತ್ತಿ ಹಿಡಿದು, ಮಗುವನ್ನು ನಿಧಾನವಾಗಿ ಬರಗೊಟ್ಟರು. ಸಣ್ಣ ಹರಕು, ಮೂರೇ ಹೊಲಿಗೆ.

ಮನೆಗೆ ಬಂದ ವಾರಕ್ಕೆ ಅಳಿಯ, "ಕೂತು ತಿಂದಿದ್ದು ಸಾಕು," ಎಂದು ಹೆಂಡತಿಯನ್ನು ನೀರಿಗೆ ಕಳಿಸಿದ. ಅಂಗಳದ ನಲ್ಲಿಯ ಕೆಳಗೆ ಅವಳು ತುಂಬಿದ ಕೊಡ ಎತ್ತಲು ಬಗ್ಗಿದ್ದಳಷ್ಟೇ. ನಾದಿನಿ ಅದನ್ನು ಕಿತ್ತು, ಬಾಗಿಲಲ್ಲಿ ನಿಂತಿದ್ದ ಅವನ ಎದೆಗೇ ಎಸೆದಳು. ನೀರಿನ ಸಮೇತ ಅವನು ಅಂಗಾತ ಬಿದ್ದ.

"ಒಳಗೆ ಹರಿದದ್ದು ಕೂಡೋವರೆಗೂ ನೀರು ಹೊರೋರು ನೀವೇ, ಅಳಿಯಂದಿರೇ."

ಅವನು ಎದೆ ಉಜ್ಜಿಕೊಳ್ಳುತ್ತಾ ಎದ್ದು, ನೆಗ್ಗಿದ ಕೊಡ ಹಿಡಿದು ನಲ್ಲಿಯ ಕಡೆ ನಡೆದ.