ಎಂಟು ಬಡ್ಡಿ, ಹತ್ತು ಬಡ್ಡಿ

ಗಣಿತದಲ್ಲಿ ಫೇಲಾದವರಿಗೆ ಲೆಕ್ಕ ಬರುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಿರಜದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ಸ್ಟ್ರೆಚರ್ ತಳ್ಳಿದ್ದೇನೆ. ಯಾವ ವಾರ್ಡಿಗೆ ಎಷ್ಟು ಚಾದರ ಹೋದವು, ಎಷ್ಟು ಮರಳಿದವು ಎಂದು ಚೀಟಿಯಿಲ್ಲದೆ ಹೇಳಿದ್ದೇನೆ, ಒಂದೂ ತಪ್ಪಿಲ್ಲ. ಅಲ್ಲಿ ಎಲ್ಲರಿಗೂ ನಾನು ಮಾವಶಿ, ಎಂದರೆ ಚಿಕ್ಕಮ್ಮ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಪೇಶಂಟುಗಳಿಗೂ ಮಾವಶಿಯೇ.

ಸೊಂಟ ಮಾತ್ರ ಇನ್ನು ಸಾಕು ಅನ್ನತೊಡಗಿತ್ತು. ಅಷ್ಟರಲ್ಲಿ ಪೇಶಂಟುಗಳ ಹೆಸರು ಕೇಳಿ ಕೇಸ್ ಪೇಪರ್ ಬರೆದುಕೊಡುವ ಖಿಡಕಿಯಲ್ಲಿ ಜಾಗ ಖಾಲಿಯಾಯಿತು. ಕುರ್ಚಿ, ಫ್ಯಾನು, ಕೂತು ಮಾಡುವ ಕೆಲಸ. ಆದರೆ ಹತ್ತನೇ ಪಾಸಾಗಿರಬೇಕು. ನಾನೋ, ಮ್ಹೈಸಾಳದ ತವರಿನಲ್ಲಿದ್ದಾಗ ಗಣಿತವೊಂದರಲ್ಲೇ ಡುಮ್ಕಿ ಹೊಡೆದವಳು. ಆಫೀಸಿನ ಸಾಹೇಬರು ಒಳ್ಳೆಯವರು. ಒಂದು ಪರೀಕ್ಷೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು. ನಲವತ್ತನೇ ವಯಸ್ಸಿನಲ್ಲಿ ಪುಸ್ತಕ ಹಿಡಿದೆ.

ಬುಧಗಾಂವದ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ, ಜೈನರ ಮನೆ. ತಾಟು ಎತ್ತಿದ ಮೇಲೆ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ. ಉಳಿದದ್ದೆಲ್ಲ ಹೇಗೋ ಸಾಗಿತು, ಬಡ್ಡಿಯ ಲೆಕ್ಕ ಬಂದಾಗ ಗಾಡಿ ನಿಂತಿತು. ಒಬ್ಬ ವ್ಯಕ್ತಿ ಹತ್ತು ಸಾವಿರದಲ್ಲಿ ಸ್ವಲ್ಪವನ್ನು ಎಂಟರ ಬಡ್ಡಿಗೆ, ಉಳಿದದ್ದನ್ನು ಹತ್ತರ ಬಡ್ಡಿಗೆ ಇಡುತ್ತಾನೆ. ವರ್ಷದ ಕೊನೆಗೆ ಒಂಬೈನೂರ ಇಪ್ಪತ್ತು ಬಡ್ಡಿ ಬರುತ್ತದೆ. ಎಲ್ಲೆಲ್ಲಿ ಎಷ್ಟೆಷ್ಟು ಇಟ್ಟಿದ್ದ?

ನಮ್ಮ ಕಡೆ ಬಡ್ಡಿ ಎಂದರೆ ತಿಂಗಳ ಮಾತು. ಎರಡು ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಹೆಂಗಸರೆಲ್ಲ ತಿಂಗಳಿಗಿಷ್ಟು ಹಾಕಿ ನಡೆಸುವ ಭಿಶಿಯಲ್ಲಿ ಹುಟ್ಟಿನಿಂದ ಕೇಳಿದ್ದು ಅದನ್ನೇ. ನಾನು ಅದೇ ಹಿಸಾಬಿನಲ್ಲಿ ಹನ್ನೆರಡರಿಂದ ಗುಣಿಸಿದೆ. ಎಲ್ಲವನ್ನೂ ಎಂಟಕ್ಕೇ ಇಟ್ಟರೂ ವರ್ಷಕ್ಕೆ ಒಂಬತ್ತು ಸಾವಿರದ ಆರುನೂರು! ಪುಸ್ತಕವೇ ತಪ್ಪು ಎಂದು ಅಂಗಳಕ್ಕೆ ಒಗೆದೆ.

ಒಳಗಿನಿಂದ ಅತ್ತೆ ಬಂದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವರು, ಆದರೆ ಓಣಿಯ ಭಿಶಿಯನ್ನು ಇಪ್ಪತ್ತು ವರ್ಷ ನಡೆಸಿದವರು. ಪುಸ್ತಕ ಎತ್ತಿ ಧೂಳು ಕೊಡವಿದರು.

"ಅದೇನ ಪಾಪಾ ಮಾಡೇತಿ? ಓದ, ಕೇಳೂಣು."

ಓದಿದೆ.

"ತಿಂಗಳಾ ಎಂಟ ಕೊಡಾಂವ ಮೂರನೇ ತಿಂಗಳಕ್ಕ ಊರ ಬಿಡ್ತಾನ. ಇದು ವರ್ಷದ್ದ ಐತಿ, ಬ್ಯಾಂಕಿನ್ದು. ಅಲ್ಲಾ, ಹತ್ತ ಕೊಡಾವರ ಇದ್ರ ಈ ಮನಷ್ಯಾ ಎಂಟಕ್ಕ ಯಾಕ ಇಟ್ಟ?"

"ಅದನ್ನ ಕೇಳಿಲ್ರಿ ಅತ್ತಿ."

"ಹೆಂಡ್ತಿಗೆ ಹೇಳಲಾರ್ದ ಇಟ್ಟಿರಬೇಕ. ಇರ್ಲಿ. ಎಲ್ಲಾ ಎಂಟಕ್ಕ ಇಟ್ರ ಎಂಟನೂರ ಬರ್ತಿತ್ತು. ಬಂದದ್ದ ನೂರಾ ಇಪ್ಪತ್ತ ಹೆಚ್ಚಿಗಿ. ಹತ್ತಕ್ಕ ಇಟ್ಟ ಒಂದೊಂದ ನೂರು ಎರಡ ರೂಪಾಯಿ ಹೆಚ್ಚಿಗಿ ತರ್ತೈತಿ. ಅರವತ್ತ ನೂರು. ಆರ ಸಾವಿರ ಅಲ್ಲಿ, ನಾಕ ಸಾವಿರ ಇಲ್ಲಿ. ಇಷ್ಟಕ್ಕ ಪುಸ್ತಕಾ ಒಗಿಯೂದಾ?"

ಹಿಂದಿನ ಪುಟದಲ್ಲಿದ್ದ ಉತ್ತರ ನೋಡಿದೆ. ಅದೇ ಆರು, ಅದೇ ನಾಲ್ಕು. ನನಗೆ ಖುಷಿಗಿಂತ ಸಿಟ್ಟು ಹೆಚ್ಚು ಬಂತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಮೂರು ತಿಂಗಳು, ಒಂದು ಸಂಜೆಯೂ ತಪ್ಪದೆ, ಅತ್ತೆ ನನ್ನೆದುರು ಕೂತರು. ಮಗಳ ಮನೆಗೆ ಹೋಗುವುದನ್ನೂ ಬಿಟ್ಟರು. ಎಕ್ಸ್ ಮಾತ್ರ ಅವರಿಗೆ ಸೇರಲಿಲ್ಲ. "ಅಂವ ಯಾರು ನಡುವ ಬರಾಕ? ಪಾಲಿನಾಂವಾ?" ಎನ್ನುತ್ತಿದ್ದರು. ಆದರೆ ಎಕ್ಸ್ ಇಲ್ಲದೆ ಪೂರ್ತಿ ಅಂಕ ಇಲ್ಲ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಮೊದಲು ಅತ್ತೆಯ ದಾರಿಯಲ್ಲಿ ಉತ್ತರ ಹಿಡಿಯುವುದು, ಆಮೇಲೆ ಎಕ್ಸನ್ನು ಕರೆತಂದು ಅಲ್ಲಿಗೇ ಮುಟ್ಟಿಸುವುದು.

ಪರೀಕ್ಷೆ ಸಾಂಗಲಿಯ ಶಾಲೆಯೊಂದರಲ್ಲಿ. ನನ್ನ ಬೆಂಚಿನ ಹುಡುಗಿ ನನ್ನನ್ನು ಮೇಡಂ ಎಂದು ತಿಳಿದು ಎದ್ದು ನಿಂತಳು. ಪ್ರಶ್ನೆ ಬಂದೇ ಬಂತು: ಹನ್ನೆರಡು ಸಾವಿರ, ಏಳರ ಬಡ್ಡಿ, ಒಂಬತ್ತರ ಬಡ್ಡಿ, ವರ್ಷಕ್ಕೆ ಒಂಬೈನೂರ ಎಂಬತ್ತು. ಎಲ್ಲ ಏಳಕ್ಕೇ ಇಟ್ಟಿದ್ದರೆ ಎಂಟುನೂರ ನಲವತ್ತು, ಹೆಚ್ಚು ಬಂದದ್ದು ನೂರ ನಲವತ್ತು, ಎಪ್ಪತ್ತು ನೂರು. ಒಂಬತ್ತಕ್ಕೆ ಏಳು ಸಾವಿರ, ಏಳಕ್ಕೆ ಐದು. ಆಮೇಲೆ ಎಕ್ಸನ್ನು ಕಿವಿ ಹಿಡಿದು ಐದು ಸಾವಿರಕ್ಕೆ ತಂದು ನಿಲ್ಲಿಸಿದೆ.

ರಿಸಲ್ಟ್ ಮೊಬೈಲಿನಲ್ಲೇ ಬಂತು. ಪಾಸು. ಬೇಕಾದದ್ದಕ್ಕಿಂತ ಎರಡೇ ಅಂಕ ಹೆಚ್ಚು. ಆ ಬಡ್ಡಿ ಲೆಕ್ಕ ಬಿಟ್ಟಿದ್ದರೆ ಗೋವಿಂದ. ಮರುದಿನದಿಂದಲೇ ಖಿಡಕಿಗೆ ಬಾ ಎಂದರು ಸಾಹೇಬರು. ಬಸ್ಸಿಳಿದು ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದೆ. ಸುದ್ದಿ ಹೇಳಿ ಅತ್ತೆಯ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಎಳೆದುಕೊಂಡರು.

"ಬ್ಯಾಡ. ಮೊದಲ ಕೇಳ. ನಿನ್ನ ಮದುವಿ ಮಾತಾಡುವಾಗ, ಹುಡುಗಿ ಹತ್ತನೇ ಫೇಲ್ ಅಂತ ನೆಪಾ ತಗದು ನಿಮ್ಮಪ್ಪನ ಕಡೆ ಎರಡ ತೊಲಿ ಬಂಗಾರ ಹೆಚ್ಚಿಗಿ ತಗೊಂಡೇನಿ. ನೀ ಪುಸ್ತಕಾ ಹಿಡದ ದಿನಾ ಅದ ನೆನಪಾತು. ಅದಕ್ಕ ನಿನ್ನ ಮುಂದ ಬಂದ ಕುಂತೆ."

ನನಗೆ ಗೊತ್ತಿರಲಿಲ್ಲ. ಅಪ್ಪ ಎಂದೂ ಹೇಳಿರಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ನನ್ನ ಮದುವೆಯ ವರ್ಷ ಅವರು ಮೋಟರ್‌ಸೈಕಲ್ ಮಾರಿದ್ದರು. ಬಸ್ಸಿನಲ್ಲಿ ಹೋದರೆ ನಾಲ್ಕು ಜನ ಮಾತಿಗೆ ಸಿಗುತ್ತಾರೆ ಎಂದು ನಗುತ್ತಿದ್ದರು. ನಾನೂ ನಕ್ಕಿದ್ದೆ. ಸಿಟ್ಟು ನೆತ್ತಿಗೇರಿತು, ಕಣ್ಣೂ ತುಂಬಿತು.

"ಅತ್ತಿ, ಇವತ್ತ ನಾ ನಿಮ್ಮ ಕೂಡ ಮಾತಾಡೂದಿಲ್ರಿ."

ಅತ್ತೆ ತಲೆ ತಗ್ಗಿಸಿಯೇ ಕೇಳಿದರು, "ಒಂದ ದಿನಾ ಸಾಕಾಗತೈತೇನ?"

"ಸಾಕಾಗೂದಿಲ್ಲ. ಆದ್ರ ನಾಳೆ ಖಿಡಕಿಗೆ ಹೋಗ್ಬೇಕು. ನಮ್ಮಪ್ಪ ಇಲ್ಲ, ಯಾರರೆ ಒಬ್ಬರು ಹೋಗಿ ಬಾ ಅನ್ನಬೇಕಲ್ರಿ."